ತಪ್ಪಾಗಿ ನೋಡಿದ ಬೆಕ್ಕಿನ ಸಿನಿಮಾ

ನಾವು ನೋಡ್ಬೇಕು ಅಂತ ಕೂತಿದ್ದು ಬೇರೆ ಸಿನಿಮಾ. ಥರ್ಡ್ ಸೆಮ್‌ನ ಎರಡನೇ ಇಂಟರ್ನಲ್ಸ್ ಮುಗಿದ ರಾತ್ರಿ, ಹಾಸ್ಟೆಲ್ ರೂಮಲ್ಲಿ ನಾಲ್ಕು ಜನ, ಒಂದು ಲ್ಯಾಪ್‌ಟಾಪ್, ಎರಡು ಪೊಟ್ಟಣ ಚುರುಮುರಿ. "ಪ್ಯಾರಿಸ್‌ನ ಬೆಕ್ಕುಗಳ ಕಾರ್ಟೂನ್ ಒಂದಿದೆ, ಹಾಡೆಲ್ಲ ಇರುತ್ತೆ, ತಲೆ ಕೆಡಿಸ್ಕೊಳ್ಳೋ ಹಾಗಿಲ್ಲ" ಅಂದಳು ರೂಮ್‌ಮೇಟ್. ಅವಳು ಹೇಳಿದ್ದು ಡಿಸ್ನಿಯವರ 1970ರ ‘ದಿ ಅರಿಸ್ಟೋಕ್ಯಾಟ್ಸ್’. ನಾವು ಹಾಕಿದ್ದು 1962ರ ‘ಗೇ ಪರ್-ಈ’. ಎರಡರಲ್ಲೂ ಪ್ಯಾರಿಸ್, ಎರಡರಲ್ಲೂ ಪ್ರೀತಿಗೆ ಬಿದ್ದ ಬೆಕ್ಕುಗಳು. ಹಾಗಾಗಿ ಹತ್ತು ನಿಮಿಷ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಎದ್ದು ಬದಲಾಯಿಸೋಕೆ ಸೋಮಾರಿತನ. ಉಳಿದ ಮೂವರು ಅರ್ಧಕ್ಕೇ ನಿದ್ದೆ ಹೋದರು. ನಾನು ಪೂರ್ತಿ ನೋಡಿದೆ. ಆಮೇಲೆ ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳೋಕೇ ಇದನ್ನ ಬರೀತಾ ಇದೀನಿ. ನಾನು ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ. ಕಾಗುಣಿತದ ತಪ್ಪುಗಳನ್ನ ಕ್ಲಬ್‌ನವರು ತಿದ್ದಿರ್ತಾರೆ, ಉಳಿದ ತಪ್ಪುಗಳಿಗೆ ನಾನೇ ಹೊಣೆ.

ಕಥೆ ಸರಳ. 1890ರ ದಶಕದ ಫ್ರಾನ್ಸ್. ಪ್ರೊವಾನ್ಸ್ ಅನ್ನೋ ಹಳ್ಳಿಗಾಡಿನ ಒಂದು ತೋಟದ ಮನೆ. ಅಲ್ಲಿ ಮ್ಯೂಸೆಟ್ ಅನ್ನೋ ಬಿಳಿ ಬೆಕ್ಕು. ಅವಳನ್ನ ಪ್ರೀತಿಸೋ ಝೋನ್ ಟಾಮ್ ಇಲಿ ಹಿಡಿಯೋದರಲ್ಲಿ ಎತ್ತಿದ ಕೈ. ಆದರೆ ಅವನಿಗೆ ನಾಜೂಕು ಗೊತ್ತಿಲ್ಲ. ಪ್ಯಾರಿಸ್‌ನಿಂದ ಬಂದ ಹೆಂಗಸೊಬ್ಬಳು ಆ ಊರಿನ ವೈಭವ ಹೇಳೋದನ್ನ ಕೇಳಿಸಿಕೊಂಡ ಮ್ಯೂಸೆಟ್‌ಗೆ ಇದ್ದಕ್ಕಿದ್ದ ಹಾಗೆ ತೋಟ ಸಣ್ಣದಾಗಿ ಕಾಣುತ್ತೆ, ಟಾಮ್ ಒರಟನಾಗಿ ಕಾಣ್ತಾನೆ. ಹೇಳದೇ ಕೇಳದೇ ಪ್ಯಾರಿಸ್‌ಗೆ ಹೊರಟುಬಿಡ್ತಾಳೆ. ಅಲ್ಲಿ ಮಿಯಾವ್‌ರೀಸ್ ಅನ್ನೋ ನಯವಂಚಕ ಬೆಕ್ಕು ಸಿಕ್ಕಿ, ಹೇಗೆ ನಡೀಬೇಕು, ಹೇಗೆ ನಿಲ್ಲಬೇಕು ಅಂತ ಕಲಿಸೋ ಮೇಡಂ ಒಬ್ಬಳ ಹತ್ತಿರ ಸೇರಿಸ್ತಾನೆ. ಅವನ ಪ್ಲ್ಯಾನ್ ಬೇರೆಯೇ ಇದೆ. ಇವಳನ್ನ ಚೆನ್ನಾಗಿ ತಿದ್ದಿ ತೀಡಿ ಅಮೆರಿಕದ ಪಿಟ್ಸ್‌ಬರ್ಗ್‌ನ ಒಬ್ಬ ಶ್ರೀಮಂತ ಬೆಕ್ಕಿಗೆ ಮದುವೆ ಹೆಸರಲ್ಲಿ ಸಾಗಿಸಿ ದುಡ್ಡು ಮಾಡೋದು.

ಸಿನಿಮಾದಲ್ಲಿ ಎಲ್ಲರೂ ಹೊಗಳೋ ಒಂದು ಭಾಗ ಇದೆ. ಮಿಯಾವ್‌ರೀಸ್ ಆ ಶ್ರೀಮಂತನಿಗೆ ಕಾಗದ ಬರೀತಾ, ಮ್ಯೂಸೆಟ್‌ಳ ಚಿತ್ರಗಳನ್ನ ದೊಡ್ಡ ದೊಡ್ಡ ಕಲಾವಿದರ ಕೈಲಿ ಬರೆಸಿದೀನಿ ಅಂತ ಕೊಚ್ಚಿಕೊಳ್ತಾನೆ. ಪರದೆ ಮೇಲೆ ಒಂದಾದ ಮೇಲೊಂದು ಚಿತ್ರ ಬರುತ್ತೆ: ಮೊನೆ ಬರೆದ ಮ್ಯೂಸೆಟ್, ಸ್ಯೂರಾನ ಚುಕ್ಕೆಗಳ ಮ್ಯೂಸೆಟ್, ವ್ಯಾನ್ ಗೋನ ಮ್ಯೂಸೆಟ್, ಕೊನೆಗೆ ಪಿಕಾಸೊನ ಮ್ಯೂಸೆಟ್ ಕೂಡ. ಲೆಕ್ಕ ಹಾಕಿದ್ರೆ ಇದು ಸಾಧ್ಯವೇ ಇಲ್ಲ. ವ್ಯಾನ್ ಗೋ 1890ರಲ್ಲೇ ತೀರಿಹೋದ, ಪಿಕಾಸೊ ಪ್ಯಾರಿಸ್‌ಗೆ ಮೊದಲ ಸಲ ಬಂದಿದ್ದೇ 1900ರಲ್ಲಿ. ಅದಿರಲಿ. ನಾನು ಆ ಚಿತ್ರಗಳನ್ನ ನೋಡ್ತಾ ಬೇರೇನೋ ಯೋಚಿಸ್ತಾ ಇದ್ದೆ. ಒಬ್ಬೊಬ್ಬರೂ ಅವಳನ್ನ ಅವರವರ ಥರ ಬರೆದಿದಾರೆ. ಆದರೆ ತೋಟದ ಮನೆಯ ಮ್ಯೂಸೆಟ್ ಹೇಗಿದ್ದಳು ಅಂತ ಆ ಊರಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿರೋನನ್ನ ಅವಳೇ ಬಿಟ್ಟು ಬಂದಿದಾಳೆ.

ಈಗ ನನ್ನ ವಿಷಯ. ನಮ್ಮೂರು ತಿಪಟೂರು. ಪಕ್ಕದ ಮನೆಯ ಹುಡುಗ ನನ್ನ ವಯಸ್ಸಿನವನೇ. (ಇದು ಲವ್ ಸ್ಟೋರಿ ಅಲ್ಲ, ದಯವಿಟ್ಟು ಕಿಚಾಯಿಸ್ಬೇಡಿ.) ಅವನು ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಹೈಸ್ಕೂಲ್ ಪೂರ್ತಿ ಇಬ್ಬರೂ ನಮ್ಮ ಜಗಲಿ ಮೇಲೆ ಕೂತು ಲೆಕ್ಕ ಮಾಡ್ತಿದ್ವಿ. ನಾನು ಹೈಪಾಟನ್ಯೂಸ್ ಅಂದ್ರೆ ಅವನು ವಿಕರ್ಣ ಅಂತಿದ್ದ. ಉತ್ತರ ಇಬ್ಬರದ್ದೂ ಒಂದೇ ಬರ್ತಿತ್ತು, ಹೆಚ್ಚಾಗಿ ಅವನದ್ದು ಮೊದಲು ಬರ್ತಿತ್ತು. ಪಿಯುಸಿ ಆದ ಮೇಲೆ ಅವನು ಅವರಪ್ಪನ ಕೊಬ್ಬರಿ ಮಂಡಿಗೆ ಸೇರಿದ. ನಾನು ಇಲ್ಲಿಗೆ ಬಂದೆ.

ಫಸ್ಟ್ ಸೆಮ್‌ನಲ್ಲಿ ಒಂದು ಸಲ ಊರಿಗೆ ಹೋದವಳು ಕೆಮಿಸ್ಟ್ರಿ ಲ್ಯಾಬ್ ರೆಕಾರ್ಡ್ ಮನೇಲೇ ಬಿಟ್ಟು ಬಂದಿದ್ದೆ. ಮಾರನೇ ದಿನ ಲ್ಯಾಬ್ ಇಂಟರ್ನಲ್ಸ್. ರಾತ್ರಿ ಅಳ್ತಾ ಮನೆಗೆ ಫೋನ್ ಮಾಡಿದೆ. ಬೆಳಗ್ಗೆ ಮೊದಲ ಟ್ರೇನ್ ಹಿಡಿದು ಅವನು ಬಂದ. ಕಾಲೇಜ್ ಗೇಟ್ ಹತ್ತಿರ, ಹವಾಯಿ ಚಪ್ಪಲಿ, ಕೈಯಲ್ಲಿ ಬಟ್ಟೆಯಂಗಡಿಯ ಚೀಲ. ಚೀಲದಲ್ಲಿ ರೆಕಾರ್ಡ್, ಅದರ ಜೊತೆ ಅವರಮ್ಮ ಮಾಡಿದ ಕೊಬ್ಬರಿ ಮಿಠಾಯಿ. ನನ್ನ ಜೊತೆ ಹೊಸ ಫ್ರೆಂಡ್ಸ್ ಇದ್ದರು. ಅವರೆಲ್ಲ ದೊಡ್ಡ ಊರಿನ ದೊಡ್ಡ ಸ್ಕೂಲುಗಳಿಂದ ಬಂದವರು. ಯಾರು ಇವನು ಅಂತ ಒಬ್ಬಳು ಕೇಳಿದಳು. ನಾನು ಇಂಗ್ಲಿಷಲ್ಲಿ, ಮೆಲ್ಲಗೆ, "ಅಪ್ಪನ ಹತ್ತಿರ ಕೆಲಸ ಮಾಡೋ ಹುಡುಗ" ಅಂದೆ.

ನಮ್ಮಪ್ಪ ಬ್ಯಾಂಕ್ ನೌಕರ. ಅವರ ಹತ್ತಿರ ಯಾರೂ ಕೆಲಸ ಮಾಡಲ್ಲ.

ಅವನಿಗೆ ಇಂಗ್ಲಿಷ್ ಅರ್ಥ ಆಗಲ್ಲ ಅಂದ್ಕೊಂಡಿದ್ದೆ. ಐದು ವರ್ಷ ನನ್ನ ಟೆಕ್ಸ್ಟ್‌ಬುಕ್ ನೋಡಿ ಲೆಕ್ಕ ಮಾಡಿದೋನಿಗೆ! ಅವನು ಚೀಲ ಕೊಟ್ಟು "ಬರ್ತೀನಿ ಮೇಡಂ" ಅಂತ ಹೇಳಿ ಹೋದ. ಆವತ್ತಿಂದ ಊರಿಗೆ ಹೋದಾಗಲೆಲ್ಲ ನಾನು ಅವನಿಗೆ ಮೇಡಂ. ಕೋಪದಲ್ಲಿ ಹೇಳಿದ್ರೆ ಜಗಳ ಆಡಬಹುದಿತ್ತು. ಮರ್ಯಾದೆಯಿಂದಲೇ ಹೇಳ್ತಿದ್ದ.

ಸಿನಿಮಾಗೆ ವಾಪಸ್ ಬರ್ತೀನಿ. ಮಿಯಾವ್‌ರೀಸ್‌ನ ಮೋಸ ಗೊತ್ತಾಗಿ ತಪ್ಪಿಸಿಕೊಂಡ ಮ್ಯೂಸೆಟ್ ಒಬ್ಬಳೇ ಅಲೀತಾ ‘ಪ್ಯಾರಿಸ್ ಈಸ್ ಎ ಲೋನ್ಲಿ ಟೌನ್’ ಅನ್ನೋ ಹಾಡು ಹಾಡ್ತಾಳೆ. ಆ ದನಿ ಎಲ್ಲೋ ಕೇಳಿದ ಹಾಗಿದೆ ಅನ್ನಿಸ್ತು. ಮೊಬೈಲಲ್ಲಿ ಹುಡುಕಿದೆ. ಮ್ಯೂಸೆಟ್‌ಗೆ ದನಿ ಕೊಟ್ಟಿದ್ದು ಜೂಡಿ ಗಾರ್ಲಂಡ್. 1939ರ ‘ದಿ ವಿಝರ್ಡ್ ಆಫ್ ಆಝ್’ನಲ್ಲಿ ಡೊರೊಥಿ ಆಗಿದ್ದವಳು. ಅಲ್ಲಿ ಹಳ್ಳಿಯ ಹುಡುಗಿಯಾಗಿ, ಕಾಮನಬಿಲ್ಲಿನ ಆಚೆಗಿನ ದೂರದ ಊರಿಗಾಗಿ ಹಂಬಲಿಸಿ ಹಾಡಿದಾಗ ಅವಳಿಗೆ 16 ವರ್ಷ. ಆ ಹಾಡಿನ ಸಂಗೀತ ಹೆರಾಲ್ಡ್ ಆರ್ಲೆನ್, ಸಾಹಿತ್ಯ ಇ.ವೈ. ಹಾರ್ಬರ್ಗ್. ಬೆಕ್ಕಿನ ಸಿನಿಮಾದ ಹಾಡುಗಳೂ ಅದೇ ಇಬ್ಬರದ್ದು. ಅಂದ್ರೆ, ಅದೇ ದನಿ, ಅದೇ ಜೋಡಿ, 23 ವರ್ಷ ಆದ ಮೇಲೆ, ದೂರದ ಊರು ತಲುಪಿಯಾಯ್ತು, ಇಲ್ಲಿ ನನ್ನವರು ಯಾರೂ ಇಲ್ಲ ಅಂತ ಹಾಡ್ತಾ ಇದಾರೆ. ಈಗ ಅವಳ ವಯಸ್ಸು ನಲವತ್ತರ ಹತ್ತಿರ. ದನಿ ಒಡೆದಿಲ್ಲ, ಆದರೆ ಭಾರ ಆಗಿದೆ. ಕಾರ್ಟೂನ್ ಬೆಕ್ಕಿಗೆ ಇಷ್ಟು ದುಃಖ ಯಾಕೆ ಕೊಟ್ರಪ್ಪ ಅನ್ನಿಸ್ತು.

ಇತ್ತ ಟಾಮ್ ಅವಳನ್ನ ಹುಡುಕ್ಕೊಂಡು ಪ್ಯಾರಿಸ್‌ಗೆ ಬಂದಿರ್ತಾನೆ. ಅವನಿಗೆ ಕುಡಿಸಿ ಹಡಗು ಹತ್ತಿಸಿ ಅಲಾಸ್ಕಾಗೆ ಕಳಿಸಿಬಿಡ್ತಾರೆ. ಅಲ್ಲಿ ಅವನಿಗೆ ಚಿನ್ನ ಸಿಗುತ್ತೆ. ವಾಪಸ್ ಬಂದು, ಟ್ರೇನಲ್ಲಿ ಹೊಡೆದಾಡಿ ಅವಳನ್ನ ಬಿಡಿಸ್ತಾನೆ. ಅವಳಿಗಾಗಿ ಇಟ್ಟಿದ್ದ ಪೆಟ್ಟಿಗೆಯಲ್ಲಿ ಮಿಯಾವ್‌ರೀಸ್‌ನನ್ನೇ ತುಂಬಿ ಪಿಟ್ಸ್‌ಬರ್ಗ್‌ಗೆ ಪಾರ್ಸೆಲ್ ಮಾಡ್ತಾರೆ.

ಆ ಚಿನ್ನದ ಬಗ್ಗೆ ನನಗೆ ಸಿಟ್ಟು ಬಂತು. ಟಾಮ್‌ಗೆ ಚಿನ್ನ ಸಿಗದೇ ಬರಿಗೈಯಲ್ಲಿ ಬಂದಿದ್ದಿದ್ರೆ? ಪ್ಯಾರಿಸ್‌ನಲ್ಲಿ ಅವನನ್ನ ಪಕ್ಕದಲ್ಲಿ ನಿಲ್ಲಿಸಿಕೊಳ್ಳೋಕೆ ಅವಳಿಗೆ ಧೈರ್ಯ ಇರ್ತಿತ್ತಾ? ಸಿನಿಮಾ ಮಾಡಿದವರು ಸುಲಭದ ದಾರಿ ಹಿಡಿದ್ರು ಅಂತ ರೂಮ್‌ಮೇಟ್ ಹತ್ತಿರ ಬೆಳಗ್ಗೆ ವಾದ ಮಾಡಿದೆ. ಅವಳು ಹಲ್ಲುಜ್ಜುತ್ತಾ, "ಅವಳು ಅತ್ತಾಗ ಚಿನ್ನದ ವಿಷಯ ಅವಳಿಗೆ ಗೊತ್ತಿತ್ತಾ?" ಅಂತ ಕೇಳಿದಳು. ಗೊತ್ತಿರಲಿಲ್ಲ. ಅರ್ಧ ಸಿನಿಮಾಗೆ ಮಲಗಿದೋಳು ಒಂದೇ ಪ್ರಶ್ನೇಲಿ ನನ್ನ ವಾದ ಮುಗಿಸಿದಳು. ಚಿನ್ನ ಅವಳನ್ನ ಬದಲಾಯಿಸಿದ್ದಲ್ಲ. ಚಿನ್ನಕ್ಕೆ ಕಾಯ್ತಾ ಇದ್ದೋಳು ನಾನು. ಅವನು ಯಾವತ್ತೋ ಡಿಗ್ರಿ ಮಾಡ್ತಾನೆ, ಅಥವಾ ಮಂಡಿ ದೊಡ್ಡದಾಗುತ್ತೆ, ಆಗ ಎಲ್ಲರಿಗೂ ಪರಿಚಯ ಮಾಡಿಸಿದ್ರಾಯ್ತು ಅಂತ ಒಳಗೊಳಗೇ ಲೆಕ್ಕ ಹಾಕಿದ್ದೆ.

ಇನ್ನೊಂದು ವಿಷಯ. ಕೊನೇಲಿ ಮ್ಯೂಸೆಟ್ ತೋಟಕ್ಕೆ ಓಡಿಹೋಗಲ್ಲ. ಪ್ಯಾರಿಸ್‌ನಲ್ಲೇ ಟಾಮ್ ಜೊತೆ ಖುಷಿಯಾಗಿರ್ತಾಳೆ. ಇದು ನನಗೆ ಸಮಾಧಾನ ಕೊಡ್ತು, ಯಾಕಂದ್ರೆ ನನಗೂ ಈ ಊರು, ಈ ಕಾಲೇಜು ಇಷ್ಟ.

ಹೋದ ತಿಂಗಳು ಊರಿಗೆ ಹೋದಾಗ ಮಂಡಿಗೆ ಹೋದೆ. ಅವನು ಚೀಲಗಳ ಲೆಕ್ಕ ಬರೀತಿದ್ದ. "ಆವತ್ತು ಗೇಟ್ ಹತ್ತಿರ ಸುಳ್ಳು ಹೇಳಿದೆ. ತಪ್ಪಾಯ್ತು" ಅಂದೆ. ಬರೋ ದಾರೀಲಿ ದೊಡ್ಡ ಭಾಷಣ ರೆಡಿ ಮಾಡಿದ್ದೆ, ಅದರಲ್ಲಿ ಇಷ್ಟೇ ಹೊರಗೆ ಬಂತು. ಅವನು ಬರೆಯೋದು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಆ ರೆಕಾರ್ಡ್‌ಗೆ ಎಷ್ಟು ಕೊಟ್ರು?" ಅಂದ.

"ಹತ್ತಕ್ಕೆ ಒಂಬತ್ತು."

"ಇನ್ನೊಂದು ಎಲ್ಲೋಯ್ತು?"

"ಒಂದು ಗ್ರಾಫ್‌ಗೆ ಸ್ಕೇಲ್ ಬರೆದಿರಲಿಲ್ಲ."

"ಆಗ್ಲೂ ಬರೀತಿರಲಿಲ್ಲ ನೀನು" ಅಂದ. ಒಂದು ವರ್ಷ ಆದ ಮೇಲೆ ಕೇಳಿದ ‘ನೀನು’. ಇನ್ನೇನೂ ಮಾತಾಡಲಿಲ್ಲ. ಗಿರಾಕಿ ಬಂದರು, ಅವನು ಎದ್ದ. ನಾನು ಬರ್ತೀನಿ ಅಂದೆ. ಅವನು ತಿರುಗಿ ನೋಡದೇ, "ಹೋಗ್ಬಾ" ಅಂದ.