ಹಿಡಿದು ಬಿಟ್ಟ ಮೀನು

ಕೊಡಗಿನಲ್ಲಿ ಮಳೆಯನ್ನು ಸೆಂಟಿನಲ್ಲಿ ಅಳೆಯುತ್ತಾರೆ. ಒಂದಿಂಚಿನ ನೂರನೆಯ ಒಂದು ಪಾಲು ಒಂದು ಸೆಂಟು. ಮಿಲಿಮೀಟರು ಬಂದು ಎಷ್ಟೋ ಕಾಲವಾದರೂ ತೋಟದವರ ನಾಲಿಗೆಗೆ ಅದು ಒಗ್ಗಿಲ್ಲ. ಫೆಬ್ರವರಿಯಿಂದ ಮೇ ತನಕ ಇಬ್ಬರು ತೋಟಗಾರರು ಎದುರುಬದುರಾದರೆ ಹೆಂಡತಿ ಮಕ್ಕಳ ಯೋಗಕ್ಷೇಮ ಆಮೇಲೆ, ಮೊದಲ ಪ್ರಶ್ನೆ "ನಿಮ್ಮಲ್ಲಿ ಎಷ್ಟು ಸೆಂಟು?" ಎಂಬುದೇ. ರೋಬಸ್ಟಾ ಗಿಡದ ಮೊಗ್ಗು ಅರಳುವುದಕ್ಕೆ ಒಂದು ಒಳ್ಳೆಯ ಹೂಮಳೆ ಬೇಕು. ಅರಳಿದ ಹೂವು ಕಾಯಿ ಕಚ್ಚುವುದಕ್ಕೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು. ಈ ಎರಡು ಮಳೆ ಬಿದ್ದರೆ ಮಗಳ ಮದುವೆ, ತಪ್ಪಿದರೆ ಬ್ಯಾಂಕಿನ ನೋಟೀಸು. ಆದ್ದರಿಂದ ನಮ್ಮಲ್ಲಿ ಬೇಸಿಗೆಯ ಮಳೆಯನ್ನು ಬಯ್ಯುವವರು ಯಾರೂ ಇಲ್ಲ.

ಇಲ್ಲ ಎಂದೆನಲ್ಲ, ಒಂದು ಜಾತಿ ಇದೆ. ಅದು ಗಾಳ ಹಾಕುವವರ ಜಾತಿ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕಿ ಹರಿಯುವಾಗ ಬಿಳಿಮೀನು, ಅಂದರೆ ಮಹಶೀರ್, ಮೊಟ್ಟೆಯಿಡಲು ನೀರಿನ ಎದುರಿಗೆ ಹತ್ತಿ ಹೋಗುತ್ತದೆ. ಬಸುರಿ ಮೀನಿಗೆ ಗಾಳ ಹಾಕುವುದು ಮರ್ಯಾದಸ್ಥರ ಕೆಲಸವಲ್ಲ. ಆದ್ದರಿಂದ ಅದರ ಶಿಕಾರಿಯೇನಿದ್ದರೂ ಮಳೆಗಾಲ ಮುಗಿದ ಮೇಲಿಂದ ಮುಂದಿನ ಮಳೆಗಾಲದ ಒಳಗೆ. ಅದಕ್ಕೆ ತಿಳಿನೀರು ಬೇಕು. ತಿಳಿನೀರಿನ ಕಾಲದಲ್ಲೇ ಕಾಫಿಗೆ ಮಳೆ ಬೇಕು. ಒಬ್ಬನೇ ಮನುಷ್ಯ ತೋಟದವನೂ ಗಾಳದವನೂ ಆಗಿಬಿಟ್ಟರೆ ಅವನು ದೇವರ ಮುಂದೆ ನಿಂತು ಏನೆಂದು ಬೇಡಿಕೊಳ್ಳಬೇಕು ಎಂಬುದು ನನಗಂತೂ ಬಗೆಹರಿದಿಲ್ಲ.

ನಮ್ಮ ದೊಡ್ಡಪ್ಪನಿಗೆ ಈ ಇಬ್ಬಂದಿ ಇರಲಿಲ್ಲ. ಅವರು ಪೂರ್ತಿ ಕಾಫಿಯ ಕಡೆ. ಮನೆಯ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ, ಜಗಲಿಯ ಗೂಡಿನಲ್ಲಿ ರಟ್ಟಿನ ಹೊದಿಕೆಯ ಪುಸ್ತಕ. ನಾನು ಹುಟ್ಟುವುದಕ್ಕೆ ಮುಂಚಿನಿಂದ ಅವರು ಅದರಲ್ಲಿ ದಿನದಿನದ ಮಳೆ ಬರೆಯುತ್ತ ಬಂದಿದ್ದರು. ನಾನು ವಾಲ್ನೂರಿನಲ್ಲಿ ನಡೆಯುವ ಗಾಳದ ಸ್ಪರ್ಧೆಗೆ ಹೆಸರು ಕೊಟ್ಟಿದ್ದೇನೆಂದು ತಿಳಿದಾಗ ಅವರು ಕೇಳಿದ್ದು ಒಂದೇ ಮಾತು.

"ಹಿಡಿದ ಮೀನು ಏನು ಮಾಡ್ತೀರಿ?"

"ಅಳತೆ ತೆಗೆದು ಹೊಳೆಗೇ ಬಿಡ್ತೇವೆ, ದೊಡ್ಡಪ್ಪ."

"ಬಿಡೋದಾದ್ರೆ ಹಿಡಿಯೋದು ಯಾಕೆ ಮಾರಾಯಾ?"

ಈ ಪ್ರಶ್ನೆಗೆ ಚುಟುಕಾದ ಉತ್ತರವಿಲ್ಲ. ಮೀನೆಂದರೆ ಸಾರು ಎಂದು ಬೆಳೆದ ಮನೆಯಲ್ಲಿ ಇದಕ್ಕೆ ಉತ್ತರ ಹೇಳುವುದು ಇನ್ನೂ ಕಷ್ಟ. ಸ್ವಲ್ಪ ಸುತ್ತು ಹಾಕಿಯೇ ಹೇಳಬೇಕು.

ಮಹಶೀರ್ ಸಾಮಾನ್ಯ ಮೀನಲ್ಲ. ಗೆಂಡೆಯ ಕುಲಕ್ಕೇ ಸೇರಿದ್ದಾದರೂ ಗಾತ್ರದಲ್ಲಿ, ಬಲದಲ್ಲಿ ಅದರ ದಾರಿಯೇ ಬೇರೆ. ದವಡೆಯಲ್ಲಿ ಹಲ್ಲಿಲ್ಲ; ಹಲ್ಲೆಲ್ಲ ಗಂಟಲಿನೊಳಗೆ. ಏಡಿ, ಗುಳ್ಳೆಗಳನ್ನು ಅಲ್ಲಿಯೇ ಅರೆದು ನುಂಗುತ್ತದೆ. ಹಗುರ ಗಾಳವಾದರೆ ಅದನ್ನೂ ಜಜ್ಜಿ ಉಗಿಯುತ್ತದೆ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು ಸತ್ತ ಹುಲಿಗಳನ್ನು ಜೀವವಿರುವಂತೆ ನಿಲ್ಲಿಸುವುದರಲ್ಲಿ ಹೆಸರಾದವರು. ಅವರಲ್ಲೊಬ್ಬರು 1946ರಲ್ಲಿ ಕಬಿನಿ ಹೊಳೆಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. 54 ಕಿಲೋ, ಅಂದರೆ ಒಂದು ಮೂಟೆ ಕಾಫಿಗಿಂತಲೂ ಭಾರ! ಗಾಳದಲ್ಲಿ ಅದು ಬಹಳ ಕಾಲ ದಾಖಲೆಯಾಗಿ ಉಳಿಯಿತು.

ಇಂಥ ಮೀನು ಹೊಳೆಯಲ್ಲಿ ಕಡಿಮೆಯಾದದ್ದು ಗಾಳದಿಂದಲ್ಲ. ಬೇಸಿಗೆಯಲ್ಲಿ ನೀರು ಇಳಿದು, ಮೀನೆಲ್ಲ ಮಡುಗಳಿಗೆ ಸೇರಿಕೊಂಡ ಕಾಲ ನೋಡಿ ಸಿಡಿಮದ್ದಿನ ತೋಟೆ ಎಸೆಯುವವರಿದ್ದರು. ಒಂದು ತೋಟೆಗೆ ಮಡುವಿನ ದೊಡ್ಡ ಮೀನೂ ಸಾಯುತ್ತದೆ, ಬೆರಳುದ್ದದ ಮರಿಯೂ ಸಾಯುತ್ತದೆ. ತೇಲಿದ್ದು ಕೈಗೆ ಸಿಕ್ಕರೆ ಮುಳುಗಿದ್ದು ಕೊಳೆಯುತ್ತದೆ. ಕಾವೇರಿ ಕೊಡಗನ್ನು ದಾಟಿ ಹಾಸನ ಜಿಲ್ಲೆಗೆ ಹೋದ ಮೇಲೆ ರಾಮನಾಥಪುರದಲ್ಲಿ ಇದೇ ಜಾತಿಯ ಮೀನುಗಳು ದೇವರ ಮೀನುಗಳಾಗಿ, ಭಕ್ತರು ಕೊಟ್ಟ ಪುರಿ ತಿಂದುಕೊಂಡು ಸುಖವಾಗಿವೆ. ದೇವಸ್ಥಾನ ಇಲ್ಲದ ಕಡೆ ಮೀನನ್ನು ಕಾಯುವವರು ಯಾರು? ದುಬಾರೆಯ ಆಸುಪಾಸಿನ ವಾಲ್ನೂರಿನಲ್ಲಿ ಕೊಡಗು ವನ್ಯಜೀವಿ ಸಂಘದವರು ಹೊಳೆಯ ಒಂದು ಭಾಗವನ್ನು ವಹಿಸಿಕೊಂಡು, ಹಿಡಿದು ಬಿಡುವ ಗಾಳಕ್ಕೆ ಮಾತ್ರ ಅವಕಾಶ ಕೊಟ್ಟು ಕಾಯ್ದರು. ಗಾಳದವನು ಬೆಳಗಿನಿಂದ ಸಂಜೆ ತನಕ ಮಡುವಿನ ಬದಿಯಲ್ಲಿ ಕೂತಿದ್ದಾನೆಂದರೆ ತೋಟೆಯವನು ಆ ಕಡೆ ತಲೆ ಹಾಕುವುದಿಲ್ಲ. ಬಿಡುವುದಕ್ಕೆ ಹಿಡಿಯುವುದರ ಒಂದು ಲಾಭ ಇದು.

ಇನ್ನೊಂದು ಲಾಭವಿದೆ, ಅದು ಬರವಣಿಗೆಯದು. ಕಾವೇರಿಯಲ್ಲಿ ಮಹಶೀರ್ ಎರಡು ಬಗೆ. ಬೆನ್ನು ಡುಬ್ಬವಾಗಿ, ಬಾಲ ಮತ್ತು ರೆಕ್ಕೆ ಕೆಂಗಿತ್ತಳೆ ಬಣ್ಣಕ್ಕಿರುವುದು ಈ ಹೊಳೆಯದೇ ಮೀನು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಎರಡನೆಯದು ನೀಲಿ ರೆಕ್ಕೆಯದು, ಕೃಷ್ಣೆಯ ಕಡೆಯದು. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪೆನಿಯವರು 1970ರ ದಶಕದಿಂದ ಇದರ ಮರಿ ಮಾಡಿಸಿ ದೇಶದ ಹಲವು ಹೊಳೆಗಳಿಗೆ ಕಳಿಸಿದರು. ಕಾವೇರಿಗೂ ಬಂತು. ಮಹಶೀರ್ ಉಳಿಯಲಿ ಎಂಬ ಒಳ್ಳೆಯ ಉದ್ದೇಶವೇ. ಬಂದ ನೆಂಟ ಮನೆಯವನನ್ನೇ ಹೊರಗೆ ಹಾಕುತ್ತಿದ್ದಾನೆ ಎಂದು ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಯಾವಾಗ ಗೊತ್ತೆ? ಕೆಳಗಡೆ ಗಾಲಿಬೋರೆಯ ಗಾಳದ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಕ್ಕೆ ಬಿದ್ದ ಮೀನುಗಳ ಲೆಕ್ಕ ಬರೆದಿಟ್ಟಿದ್ದರು. ಆರು ಸಾವಿರಕ್ಕೂ ಹೆಚ್ಚು ಮೀನಿನ ಲೆಕ್ಕ. ವಿಜ್ಞಾನಿಗಳು ಅದನ್ನು ಕೂಡಿ ಕಳೆದು ನೋಡಿ 2015ರಲ್ಲಿ ಪ್ರಕಟಿಸಿದರು: ನೀಲಿ ಏರುತ್ತ ಹೋಗಿದೆ, ಡುಬ್ಬ ಬೆನ್ನಿನದು ಇಳಿಯುತ್ತ ಹೋಗಿದೆ. ಇಷ್ಟಾದರೂ ಡುಬ್ಬ ಬೆನ್ನಿನ ಮೀನಿಗೆ ಸರಿಯಾದ ಶಾಸ್ತ್ರೀಯ ಹೆಸರೇ ನಿಂತಿರಲಿಲ್ಲ. ಕೇರಳದ ಪಾಂಬಾರ್ ಹೊಳೆಯ ಮೀನೊಂದಕ್ಕೆ ಟಾರ್ ರೆಮಾದೇವಿ ಎಂದು ಹೆಸರಿಟ್ಟಿದ್ದರು. ನಮ್ಮದೂ ಅದೇ ಎಂದು 2018ರಲ್ಲಿ ಖಚಿತವಾಯಿತು. ಅದೇ ವರ್ಷ ಅದು ತೀರಾ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರೂ ಮರಣಶಯ್ಯೆಯೂ ಒಟ್ಟಿಗೆ ಸಿಕ್ಕಿದಂತಾಯಿತು.

ಹೀಗಾಗಿ ನಾನು ಹೋದ ಸ್ಪರ್ಧೆಯಲ್ಲಿ ತೀರ್ಪುಗಾರರ ಪುಸ್ತಕದಲ್ಲಿ ಹೊತ್ತು, ಜಾಗ, ಎರೆ, ಉದ್ದ ಎಂಬ ಕಲಮುಗಳ ಜೊತೆಗೆ ರೆಕ್ಕೆಯ ಬಣ್ಣ ಎಂದೂ ಒಂದು ಕಲಮು ಇತ್ತು.

ಏಪ್ರಿಲ್ ಕೊನೆಯ ಭಾನುವಾರ. ರಾತ್ರಿಯೇ ಗುಡುಗಿ ಶುರುವಾದ ಮಳೆ ಬೆಳಕು ಹರಿದರೂ ಬಿಟ್ಟಿರಲಿಲ್ಲ. ಹೊಳೆ ದಂಡೆಯಲ್ಲಿ ಇಪ್ಪತ್ತೈದು ಮೂವತ್ತು ಜನ ಪ್ಲಾಸ್ಟಿಕ್ ಹೊದ್ದು, ಬೆಲ್ಲದ ಕಾಫಿಯ ಲೋಟ ಹಿಡಿದು ನಿಂತಿದ್ದರು. ಅರ್ಧ ಜನ ತೋಟದವರೇ. ಅವರ ಮುಖದಲ್ಲಿ ಅಳಬೇಕೋ ನಗಬೇಕೋ ತಿಳಿಯದ ಒಂದು ವಿಚಿತ್ರ ಕಳೆ ಇತ್ತು. ಬೆಂಗಳೂರಿನಿಂದ ಬಂದವರ ಪೆಟ್ಟಿಗೆಗಳಲ್ಲಿ ಥಳಥಳಿಸುವ ಸ್ಪೂನುಗಳು, ಮೀನಿನಾಕಾರದ ಬಣ್ಣದ ಬೊಂಬೆಗಳು. ನೀರು ಕದಡಿದರೆ ಇವಕ್ಕೆಲ್ಲ ಬೆಲೆಯಿಲ್ಲ. ಮೀನಿನ ಕಣ್ಣಿಗೆ ಬಿದ್ದರೆ ತಾನೇ?

"ಇವತ್ತು ಮುದ್ದೆಯೇ ಸಾರ್," ಎಂದರು ನನ್ನ ತೆಪ್ಪದವರು. ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಎಣ್ಣೆ ಹಾಕಿ ನಾದಿ, ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿದ್ದರು. ಕೆಂಪು ನೀರಿನಲ್ಲೂ ಇದರ ವಾಸನೆ ಮೀನನ್ನು ಹುಡುಕಿಕೊಂಡು ಹೋಗುತ್ತದಂತೆ. ಗಾಳಕ್ಕೆ ಒಳಮುಳ್ಳು ಇರಬಾರದೆಂಬುದು ನಿಯಮ. ಬಿಡಿಸುವಾಗ ಬಾಯಿ ಹರಿಯಬಾರದಲ್ಲ. ಬಂಡೆಗಳ ಸಂದಿಯಿಂದ ನೀರು ರಭಸವಾಗಿ ಇಳಿದು ಮಡುವಿಗೆ ಸೇರುವ ಜಾಗದಲ್ಲಿ ಗಾಳ ಇಳಿಸಿ ಕೂತೆವು.

ಎರಡು ಗಂಟೆ ಏನೂ ಇಲ್ಲ. ನೀರು ಬೆರಳಷ್ಟು ಬೆರಳಷ್ಟು ಏರುತ್ತಿತ್ತು. ಒಂದು ಜಿಲೇಬಿ ಮೀನು ಮುದ್ದೆಯ ಅಂಚು ಕಡಿದು ನಮ್ಮ ತಾಳ್ಮೆ ಪರೀಕ್ಷಿಸಿತು. ಆಮೇಲೆ ತಂಗೂಸಿ ಸ್ವಲ್ಪ ಸಡಿಲವಾಯಿತು, ಅಷ್ಟೆ. ಮರುಕ್ಷಣ ರೀಲು ಕಿರುಚಿಕೊಂಡಿತು. ಮಹಶೀರ್ ಕಚ್ಚಿದರೆ ಮೊದಲ ಓಟಕ್ಕೆ ತಡೆಯಿಲ್ಲ. ಐವತ್ತು ಅರವತ್ತು ಗಜ ಕೆಳಕ್ಕೆ ಹೋಗಿ, ಬಂಡೆಯ ಬುಡ ಹಿಡಿದು ನಿಂತುಬಿಟ್ಟಿತು. ತೆಪ್ಪದವರು ಸುತ್ತುವರಿದು ಹೋಗಿ ಆಚೆಯಿಂದ ತಂಗೂಸಿ ಬಿಡಿಸಿದರು. ಸುಮಾರು ಇಪ್ಪತ್ತೈದು ನಿಮಿಷದ ಮೇಲೆ ಅದು ದಂಡೆಯ ಮೊಣಕಾಲುದ್ದದ ನೀರಿಗೆ ಬಂತು. ನನ್ನ ಅಂಗೈಯಗಲದ ಹುರುಪೆ. ಮಳೆಯ ಮಬ್ಬಿನಲ್ಲೂ ಹಳೆಯ ಹಿತ್ತಾಳೆಯ ಹೊಳಪು. ನನಗಿಂತ ಹೆಚ್ಚು ದಣಿದಿತ್ತು.

ತೀರ್ಪುಗಾರರು ಬಂದು ಅಳೆದರೆ ಮಾತ್ರ ಅಂಕ. ಅವರ ತೆಪ್ಪ ಆಚೆ ದಂಡೆಯಲ್ಲಿತ್ತು. ನಾವು ಕೂಗಿದೆವು, ಅವರು ಕೈಬೀಸಿದರು, ಆದರೆ ಏರಿದ ನೀರಿನಲ್ಲಿ ನೇರ ದಾಟುವಂತಿರಲಿಲ್ಲ; ಮೇಲಕ್ಕೆ ಹೋಗಿ ಸುತ್ತಿ ಬರಬೇಕಿತ್ತು. ಇಪ್ಪತ್ತು ನಿಮಿಷವಾದರೂ ಬೇಕು. ನಾನು ಮೀನನ್ನು ಎರಡೂ ಕೈಯಿಂದ ನೀರಲ್ಲೇ ಹಿಡಿದು, ಮುಖವನ್ನು ಹರಿವಿಗೆ ಎದುರಾಗಿ ಇಟ್ಟುಕೊಂಡೆ. ಕಿವಿರು ತೆರೆದು ಮುಚ್ಚುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ಮಗ್ಗುಲಿಗೆ ವಾಲತೊಡಗಿತು. ಬೇಸಿಗೆಯ ಬಿಸಿ ನೀರಿನಲ್ಲಿ ಉಸಿರು ಕಡಿಮೆ, ಅದರ ಮೇಲೆ ಈ ಮಣ್ಣು.

ತೆಪ್ಪದವರು ಏನೂ ಹೇಳಲಿಲ್ಲ. ಗಾಳದ ಕೋಲನ್ನು ಮೀನಿನ ಪಕ್ಕಕ್ಕೆ ಹಿಡಿದು, ಮೂತಿಯಿಂದ ಬಾಲದ ತುದಿಗೆ ಸರಿಯಾಗಿ ಒಂದು ನೂಲು ಕಟ್ಟಿದರು. ನಾವು ಮೀನನ್ನು ಇನ್ನೂ ಹರಿವಿರುವ ಕಡೆಗೆ ಸರಿಸಿ, ಹೊಟ್ಟೆಯ ಕೆಳಗೊಂದು ಕೈ, ಬಾಲದ ಬುಡಕ್ಕೊಂದು ಕೈ ಕೊಟ್ಟು ನಿಲ್ಲಿಸಿದೆವು. ತುಂಬಾ ಹೊತ್ತು ಅನ್ನಿಸಿತು. ಆಮೇಲೆ ಬಾಲ ಒಮ್ಮೆ ಬಿಗಿಯಾಯಿತು, ನನ್ನ ಕೈಯನ್ನು ಒದ್ದು, ಮುಖಕ್ಕೆ ನೀರೆರಚಿ ಹೋಯಿತು. ತೀರ್ಪುಗಾರರು ಬಂದಾಗ ತೋರಿಸಲು ನಮ್ಮ ಹತ್ತಿರ ಇದ್ದದ್ದು ಕೋಲಿಗೆ ಕಟ್ಟಿದ ನೂಲು ಮಾತ್ರ. ಮೂರಡಿಗೆ ನಾಲ್ಕು ಬೆರಳು ಕಡಿಮೆ.

ಅಂಕ ಕೊಡಲಾಗುವುದಿಲ್ಲ ಎಂದು ಅವರು ನಿಯಮದ ಪ್ರಕಾರವೇ ಹೇಳಿದರು. ಆದರೆ ಪುಸ್ತಕದಲ್ಲಿ ಬರೆದುಕೊಂಡರು. ಮಧ್ಯಾಹ್ನ ಚಪ್ಪರದ ಕೆಳಗೆ ಅಕ್ಕಿ ರೊಟ್ಟಿ, ಹಂದಿ ಕರಿ, ಕಾಡುಮಾವಿನ ಸಾರು ನಡೆಯುತ್ತಿದ್ದಾಗ ಬಹುಮಾನ ಬೇರೆಯವರಿಗೆ ಹೋಯಿತು, ಅವರೂ ಮುದ್ದೆಯವರೇ. ಪುಸ್ತಕ ಮೇಜಿನ ಮೇಲಿತ್ತು. ತಿರುಗಿಸಿ ನೋಡಿದೆ. ಆ ದಿನ ನನ್ನದೂ ಸೇರಿ ಒಂಬತ್ತು ಮೀನು. ಕೊನೆಯ ಕಲಮಿನಲ್ಲಿ ಮೇಲಿನಿಂದ ಕೆಳಗೆ ಒಂದೇ ಪದ: ನೀಲಿ, ನೀಲಿ, ನೀಲಿ. ಹಿಂದಿನ ಪುಟದಲ್ಲೂ ಅಷ್ಟೆ. ಗೆದ್ದವರ ಹೆಸರಿಗಿಂತ ಆ ಕಲಮು ನನಗೆ ಹೆಚ್ಚು ಹೊತ್ತು ಹಿಡಿಯಿತು. ಹಿಡಿದದ್ದನ್ನೆಲ್ಲ ಸಾರು ಮಾಡಿ ಮುಗಿಸಿದ್ದರೆ ಹೊಳೆಯಲ್ಲಿ ಯಾರಿಲ್ಲ ಎಂಬುದು ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಸಂಜೆ ಮನೆಗೆ ಬಂದಾಗ ದೊಡ್ಡಪ್ಪ ಜಗಲಿಯಲ್ಲಿದ್ದರು. ಎಷ್ಟು ದೊಡ್ಡದು ಸಿಕ್ಕಿತು, ಬಹುಮಾನ ಬಂತೇ ಎಂದು ಕೇಳುತ್ತಾರೆಂದುಕೊಂಡಿದ್ದೆ. ನಾನು ನೂಲಿನ ಕತೆ ಹೇಳಿ ಮುಗಿಸಿದ ಮೇಲೆ ಅವರು ಕೇಳಿದ್ದು ಬೇರೆ.

"ಬಾಲ ಕೆಂಪಗಿತ್ತಾ?"

"ಇಲ್ಲ ದೊಡ್ಡಪ್ಪ, ನೀಲಿ."

"ನಾವು ಸಣ್ಣವರಿದ್ದಾಗ ಕೆಂಪು ಬಾಲದ್ದೇ ಇತ್ತು. ನೀಲಿಯದ್ದು ನಾನು ನೋಡಿದ್ದೇ ಇಲ್ಲ," ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ವರ್ಷದಿಂದ ಇಲ್ಲವಾಯಿತೋ, ಅದನ್ನ ಯಾರೂ ಬರೆದಿಡಲಿಲ್ಲ," ಎಂದರು.

ಆಮೇಲೆ ಗೂಡಿನಿಂದ ಪುಸ್ತಕ ತೆಗೆದು, ಕನ್ನಡಕ ಏರಿಸಿ, ಅಂದಿನ ತಾರೀಖಿನ ಮುಂದೆ ಮಳೆ ಬರೆದರು: 86 ಸೆಂಟು. ಪೆನ್ನು ಮುಚ್ಚಲು ಹೋದವರು ಮತ್ತೆ ತೆರೆದು, ಅದೇ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಸೇರಿಸಿದರು: ವಾಲ್ನೂರು, ಬಿಳಿಮೀನು ಒಂಬತ್ತು, ಎಲ್ಲಾ ನೀಲಿ.