ಪ್ರಶ್ನಾರ್ಥಕ ಚಿಹ್ನೆಯಾದ ಹೆಸರುಗಳು

ಲೀಟರು, ಫ್ಯಾಟು, ರೂಪಾಯಿ, ಪೈಸೆ ಎಲ್ಲ ಸರಿಯಾಗಿತ್ತು. ಹೆಸರಿನ ಕಾಲಂನಲ್ಲಿ ಮಾತ್ರ ಮೇಲಿಂದ ಕೆಳಗಿನವರೆಗೂ ಪ್ರಶ್ನಾರ್ಥಕ ಚಿಹ್ನೆ. ಹಾಲಿನ ಸಂಘದ ಕಾರ್ಯದರ್ಶಿ ಆ ಪಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟು, "ಸಾರ್, ಇದರಲ್ಲಿ ಯಾರ ದುಡ್ಡನ್ನ ಯಾರಿಗೆ ಕೊಡಲಿ?" ಎಂದರು. ಹಾಸನ ಸೀಮೆಯ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುತ್ತಿದ್ದ ದಿನಗಳವು.

ಅದಕ್ಕೂ ಮುಂಚೆ ನಮ್ಮದು 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳ ಲೋಕ. ಫೈಲಿನೊಳಗೆ ಇರುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ರೂಪ ತೊಡಿಸುತ್ತಿದ್ದುದು ಫಾಂಟು. ಅಚ್ಚು ಚೆನ್ನಾಗಿಯೇ ಬರುತ್ತಿತ್ತು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಹೋದರೆ ಎಲ್ಲವೂ ಕಲಸಿಹೋಗುತ್ತಿತ್ತು. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದ್ದರೂ, ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಡನೆ ಬಂದ ಮೇಲಷ್ಟೇ ನಾವು ಧೈರ್ಯ ಮಾಡಿದ್ದು. ಡೇಟಾಬೇಸ್ ಬದಲಿಸಿದೆವು. ಪರದೆಯ ಮೇಲೆ ಹೆಸರುಗಳು ಚೊಕ್ಕವಾಗಿ ಕಂಡವು. ಆದರೆ ರಿಪೋರ್ಟ್ ಸಾಫ್ಟ್‌ವೇರ್ ಓದಬೇಕಾದ ಟೆಕ್ಸ್ಟ್ ಫೈಲನ್ನು ನಮ್ಮ ಪ್ರೋಗ್ರಾಂ ಇನ್ನೂ ಹಳೆಯ ಆನ್ಸಿ ಪದ್ಧತಿಯಲ್ಲೇ ಬರೆಯುತ್ತಿತ್ತು. ಅಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ, ಪ್ರತಿ ಸಂಕೇತಕ್ಕೂ ಒಂದು ಪ್ರಶ್ನಾರ್ಥಕ ಬಿತ್ತು. ಫಾಂಟ್ ಬದಲಿಸಿ ನೋಡುತ್ತ ಎರಡು ದಿನ ಕಳೆದೆ. ಅಚ್ಚಿನಲ್ಲಿ ಚೌಕ ಡಬ್ಬಿಗಳು ಬಂದರೆ ಸಾಮಾನ್ಯವಾಗಿ ಫಾಂಟಿನ ಕೊರತೆ. ಪ್ರಶ್ನಾರ್ಥಕ ಬಂದರೆ ಆ ಫೈಲಿನಲ್ಲಿ ಹೆಸರು ಉಳಿದೇ ಇಲ್ಲ. ಈ ವ್ಯತ್ಯಾಸ ನನಗಾಗ ಗೊತ್ತಿರಲಿಲ್ಲ.

ಕೊನೆಗೆ ಆ ಫೈಲನ್ನು ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಬರೆಯತೊಡಗಿದೆವು. ಹೆಸರು ಬಂತು, ಊರು ತುಂಡಾಯಿತು. 'ಚನ್ನರಾಯಪಟ್ಟಣ' ಹೋಗಿ 'ಚನ್ನರಾಯಪಟ್' ಎಂದಾಗಿತ್ತು. ಊರಿನ ಹೆಸರಿಗೆ ನಾವು ಕೊಟ್ಟಿದ್ದ ಜಾಗ 30 ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು; ಕಾಗುಣಿತ, ಒತ್ತಕ್ಷರ ಬಿಡಿಸಿದರೆ ಆ ಊರಿಗೆ 12 ಸಂಕೇತ, 36 ಬೈಟ್. ಬೈಟ್ ಅಳೆಯುವುದನ್ನು ಬಿಟ್ಟು, ಕಾಲಂಗಳ ನಡುವೆ ಟ್ಯಾಬ್ ಹಾಕಿದ ಮೇಲೆ ಊರು ಪೂರ್ತಿ ಬಂತು.

ಆಮೇಲೆ ಮೊದಲ ಕಾಲಂ ಸಿಗುತ್ತಿಲ್ಲವೆಂದು ರಿಪೋರ್ಟ್ ಹಟ ಹಿಡಿಯಿತು. ಫೈಲಿನ ತಲೆಯಲ್ಲಿ, ಕಣ್ಣಿಗೆ ಕಾಣದಂತೆ, ಬಿಓಎಂ ಎಂಬ 3 ಬೈಟ್‌ಗಳ ಗುರುತು ಕೂತಿತ್ತು. ಅದೂ ಸೇರಿ ಕಾಲಂನ ಹೆಸರೇ ಬೇರೆಯಾಗಿತ್ತು. ಆ ಗುರುತು ತೆಗೆದರೆ ಎಕ್ಸೆಲ್‌ನಲ್ಲಿ ಕನ್ನಡ ಕೆಡುತ್ತಿತ್ತು. ಕೊನೆಗೆ ಗುರುತು ಇರುವುದೊಂದು, ಇಲ್ಲದ್ದೊಂದು ಎಂದು ಎರಡು ಬಗೆಯ ಫೈಲ್ ಬರೆಯತೊಡಗಿದೆವು.

2019ರಿಂದ ವಿಂಡೋಸಿನ ನೋಟ್‌ಪ್ಯಾಡ್ ಕೂಡ ಹೇಳದೆಯೇ ಯುಟಿಎಫ್-8ರಲ್ಲಿ ಉಳಿಸುತ್ತದೆ. ಹೊಸಬರಿಗೆ ನಮ್ಮ ಪಾಡು ಬಾರದಿರುವುದು ನನಗೆ ನಿಜವಾಗಿಯೂ ಸಂತೋಷ. ಆದರೆ ಸಂಘಗಳ, ಶಾಲೆಗಳ, ಸಣ್ಣ ಮುದ್ರಣಾಲಯಗಳ ಹಳೆಯ ಕಂಪ್ಯೂಟರುಗಳಲ್ಲಿ ನುಡಿ ಫಾಂಟಿನ ಫೈಲುಗಳು ಇನ್ನೂ ಉಳಿದಿವೆ. ನಿಮ್ಮಲ್ಲಿದ್ದರೆ ದಯವಿಟ್ಟು ಈಗಲೇ ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಿಸಿದ್ದನ್ನು ಮೂಲದ ಪಕ್ಕದಲ್ಲಿಟ್ಟುಕೊಂಡು ಒಂದೊಂದು ಹೆಸರನ್ನೂ ಓದಿ ನೋಡಿ, ಆಮೇಲೂ ಮೂಲವನ್ನು ಅಳಿಸಬೇಡಿ.