ಲಾಂಛನ

ಚಂದ್ರನ ಕಳಂಕವೂ ಅವನ ಸೊಬಗನ್ನು ಹೆಚ್ಚಿಸುವುದೆಂದು ಹಾಡಿದ ಕವಿಗಳು ಅನೇಕರು. ಆದರೆ ಚಂದ್ರನು ಶಾಲೆಗೆ ಹೋಗಬೇಕಾದವನಲ್ಲ. ಅವನ ಮುಖವನ್ನು ನೋಡಿ ನಗುವ ಸಹಪಾಠಿಗಳೂ ಅವನಿಗಿಲ್ಲ. ಮನುಷ್ಯರ ಮಕ್ಕಳ ಪಾಡು ಬೇರೆ.

ಒಂದು ಮನೆಯಲ್ಲಿ ಹೆಣ್ಣುಮಗುವೊಂದು ಎಡಗೆನ್ನೆಯಿಂದ ಕೊರಳಿನವರೆಗೆ ದ್ರಾಕ್ಷಾರಸವನ್ನು ಚೆಲ್ಲಿದಂತಹ ಕೆಂಪು ಮಚ್ಚೆಯೊಡನೆ ಹುಟ್ಟಿತು. ನೋಡಲು ಬಂದ ಹೆಂಗಸರು ಮೊದಲು ಮಗುವನ್ನು ನೋಡಿದರು. ಬಳಿಕ ಬಾಣಂತಿಯನ್ನು ನೋಡಿದರು. “ಗ್ರಹಣದ ದಿನ ಹೊರಗೆ ಹೋಗಿದ್ದೆಯೇನಮ್ಮ?” ಎಂದು ಅತ್ತೆಯೇ ಒಮ್ಮೆ ಕೇಳಿಬಿಟ್ಟರು. ಸೊಸೆ ತಲೆ ತಗ್ಗಿಸಿದಳೇ ಹೊರತು ಉತ್ತರ ಹೇಳಲಿಲ್ಲ. ಆ ಪ್ರಶ್ನೆಯು ಆರು ವರ್ಷ ಆ ಮನೆಯಲ್ಲಿಯೇ ಉಳಿಯಿತು. ಶಾಲೆಗೆ ಸೇರಿದ ಮೊದಲನೆಯ ವಾರದಲ್ಲಿ ಮಗುವು ಬಚ್ಚಲಮನೆಯಲ್ಲಿ ಸೀಗೆಪುಡಿಯಿಂದ ಕೆನ್ನೆಯನ್ನು ಉಜ್ಜಿಕೊಳ್ಳುತ್ತಿದ್ದುದನ್ನು ಅಜ್ಜಿ ಕಂಡರು. ಮರುದಿನವೇ ಎಲ್ಲರೂ ಚರ್ಮವೈದ್ಯರ ಬಳಿಗೆ ಹೊರಟರು.

ವೈದ್ಯರು ಮೊದಲು ತಿಳಿಸಿದುದು ಇವುಗಳ ಭೇದವನ್ನು. ಹುಟ್ಟಿದ ಕೆಲವು ವಾರಗಳಲ್ಲಿ ಕಾಣಿಸಿಕೊಂಡು, ಬೇಗನೆ ಬೆಳೆದು, ಕೆಲವು ವರ್ಷಗಳಲ್ಲಿ ತಾನಾಗಿಯೇ ಕುಗ್ಗುವ ರಕ್ತನಾಳದ ಗಂಟು ಒಂದು ಬಗೆ. ಅದಕ್ಕೆ ಪ್ರೊಪ್ರನೊಲಾಲ್ ಎಂಬ ಹೃದ್ರೋಗದ ಔಷಧವು ಗುಣಕಾರಿಯೆಂದು 2008ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು ಪ್ರಕಟಿಸಿದರು. ಈ ಮಗುವಿನದು ಇನ್ನೊಂದು ಬಗೆ. ಇದರಲ್ಲಿ ಚರ್ಮದ ಸೂಕ್ಷ್ಮ ರಕ್ತನಾಳಗಳು ಹುಟ್ಟಿನಿಂದಲೇ ಹಿಗ್ಗಿರುತ್ತವೆ. ಇದು ಮಾಸುವುದಿಲ್ಲ, ದೇಹದೊಡನೆ ಬೆಳೆದು, ವಯಸ್ಸಾದಂತೆ ಕಪ್ಪೇರಿ ದಪ್ಪನಾಗುವುದೂ ಉಂಟು. ಹಣೆ, ಕಣ್ಣುರೆಪ್ಪೆಗಳಲ್ಲಿದ್ದರೆ ಕಣ್ಣನ್ನೂ ಮಿದುಳನ್ನೂ ಪರೀಕ್ಷಿಸಬೇಕಾಗುತ್ತದೆ.

“ಕಾರಣವೇನು?” ಎಂದು ಅಜ್ಜಿ ಕೇಳಿದರು. ಗರ್ಭದಲ್ಲಿ ಪಿಂಡವು ರೂಪುಗೊಳ್ಳುವಾಗ ಯಾವುದೋ ಒಂದು ಕಣದ ಜೀನಿನಲ್ಲಿ ಆದ ಒಂದೇ ಅಕ್ಷರದ ವ್ಯತ್ಯಾಸವೇ ಬಹುಪಾಲು ಇಂತಹ ಮಚ್ಚೆಗಳಿಗೆ ಮೂಲವೆಂದು 2013ರಲ್ಲಿ ಕಂಡುಬಂದಿತು. ಅದು ತಾಯಿಯಿಂದ ಬಂದುದಲ್ಲ, ತಂದೆಯಿಂದ ಬಂದುದಲ್ಲ. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಕೇಳಿದಾಗ ತಾಯಿಯ ಕಣ್ಣು ತುಂಬಿತು. ಅತ್ತೆ ಏನೂ ಮಾತನಾಡದೆ ಸೊಸೆಯ ಕೈಯನ್ನು ಹಿಡಿದುಕೊಂಡರು.

ಇನ್ನು ಚಿಕಿತ್ಸೆಯ ಮಾತು. ಅಮೆರಿಕದ ಮೈಮನ್ ಎಂಬವರು 1960ರಲ್ಲಿ ಮೊದಲ ಲೇಸರನ್ನು ಬೆಳಗಿಸಿದರು. ಆರಂಭದಲ್ಲಿ ಮಚ್ಚೆಗೆ ಪ್ರಯೋಗಿಸಿದ ಲೇಸರುಗಳು ಎಷ್ಟೋ ವೇಳೆ ಚರ್ಮವನ್ನೂ ಸುಟ್ಟು ಕಲೆ ಉಳಿಸುತ್ತಿದ್ದವು. 1983ರಲ್ಲಿ ಬಾಸ್ಟನ್ನಿನ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ವಿದ್ವಾಂಸರು ಒಂದು ಸೂತ್ರವನ್ನು ಮುಂದಿಟ್ಟರು: ರಕ್ತದ ಕೆಂಪು ಹೀರಿಕೊಳ್ಳುವ ಬಣ್ಣದ ಬೆಳಕನ್ನು, ಕಾವು ನಾಳದಿಂದ ಹೊರಗೆ ಹರಡುವುದಕ್ಕೆ ಮೊದಲೇ ನಿಲ್ಲುವಷ್ಟು ಅಲ್ಪಕಾಲ ಬಿಡಬೇಕು. ಆಗ ನಾಳವು ಬೆಂದುಹೋಗುತ್ತದೆ, ಮೇಲಿನ ಚರ್ಮ ಉಳಿಯುತ್ತದೆ. ಇಂದು ಬಳಸುವ ಹಳದಿ ಬೆಳಕಿನ ಅಲೆಯ ಉದ್ದ 585 ಅಥವಾ 595 ನ್ಯಾನೊಮೀಟರ್. ನಮ್ಮವರಂತಹ ಕಂದು ಚರ್ಮದಲ್ಲಿ ಮೈಬಣ್ಣದ ಕಣಗಳೂ ಆ ಬೆಳಕನ್ನು ಹೀರುವುದರಿಂದ, ಚರ್ಮವನ್ನು ತಂಪುಗೊಳಿಸುತ್ತ, ಶಕ್ತಿಯನ್ನು ಅಳೆದು ಪ್ರಯೋಗಿಸಬೇಕು.

ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ. ಪ್ರತಿ ಸಲವೂ ರಬ್ಬರುಪಟ್ಟಿ ಚಿಮ್ಮಿ ಹೊಡೆದಂತಹ ನೋವು, ಬಳಿಕ ಒಂದೆರಡು ವಾರ ನೇರಳೆಹಣ್ಣಿನ ಬಣ್ಣ. ಬಹುತೇಕರಲ್ಲಿ ಮಚ್ಚೆ ತಿಳಿಯಾಗುತ್ತದೆ. ಪೂರ್ಣವಾಗಿ ಅಳಿಯುವುದು ಕೆಲವರಲ್ಲಿ ಮಾತ್ರ. ವರ್ಷಗಳ ಮೇಲೆ ಮರಳಿ ಕೆಂಪೇರುವುದೂ ಉಂಟು. ಇದಾವುದನ್ನೂ ವೈದ್ಯರು ಮರೆಮಾಚಲಿಲ್ಲ.

ಹಾಗಾದರೆ ಇದ್ದಂತೆಯೇ ಇರುವುದು ತಪ್ಪೇ? ಅಲ್ಲ. ಸೋವಿಯತ್ ನಾಯಕ ಗೊರ್ಬಚೇವರು 2022ರಲ್ಲಿ ತೀರಿಕೊಳ್ಳುವವರೆಗೂ ನೆತ್ತಿಯ ಮೇಲಿನ ಇಂತಹುದೇ ಮಚ್ಚೆಯೊಡನೆ ಲೋಕದ ಮುಂದೆ ನಿಂತರು. ಆದರೆ ಅದು ಬಲಿತವನ ಧೈರ್ಯ. ಅದನ್ನು ಆರು ವರ್ಷದ ಮಗುವಿನಿಂದ ಕೇಳುವ ಹಕ್ಕು ಯಾರಿಗೂ ಇಲ್ಲ.

ನಾಲ್ಕು ಸಲದ ಚಿಕಿತ್ಸೆಯಾಗಿದೆ. ಮಚ್ಚೆ ಹೋಗಿಲ್ಲ, ತಿಳಿಯಾಗಿದೆ. ಸೀಗೆಪುಡಿಯು ತಲೆಗೂದಲಿಗಷ್ಟೇ ಉಪಯೋಗವಾಗುತ್ತಿದೆ. ಈಚೆಗೆ ನೆಂಟರೊಬ್ಬರು ಮಗುವಿನ ಕೆನ್ನೆ ನೋಡಿ, “ಯಾವ ಗ್ರಹಣದ್ದು?” ಎಂದಾಗ, ಅಜ್ಜಿ ಹೂ ಕಟ್ಟುವುದನ್ನು ನಿಲ್ಲಿಸದೆಯೇ ಹೇಳಿದರು: “ಗ್ರಹಣ ಹಿಡಿದದ್ದು ನಮಗೆ, ಮಗುವಿಗಲ್ಲ. ಈಗ ಬಿಟ್ಟಿದೆ.”